ಒಂದು ಮಿಲಿಮೀಟರಿನ ಚರಿತ್ರೆ: ಹಳೆಯ ಲೆನ್ಸುಗಳು, ಡಿಜಿಟಲ್ ರೇಂಜ್‌ಫೈಂಡರ್ ಕ್ಯಾಮೆರಾಗಳು

ಧ್ವನಿ ಕೇಳ್ತಾ ಉಂಟು ಅಂದುಕೊಳ್ಳುತ್ತೇನೆ. ಈ ಸರಣಿಯಲ್ಲಿ ಇದುವರೆಗೆ ಶಾಸನ, ಶಾಲೆ, ಭಾಷಾ ಹೋರಾಟ, ಯಕ್ಷಗಾನ ಹೀಗೆ ನಮ್ಮ ಗಡಿನಾಡಿನ ವಿಷಯಗಳೇ ಬಂದಿವೆ. ನಾನು ಕಾಸರಗೋಡಿನವನಾದರೂ ಇವತ್ತು ಮಾತಾಡುವುದು ಜರ್ಮನಿ, ರಷ್ಯಾ, ಜಪಾನುಗಳಲ್ಲಿ ತಯಾರಾದ ಲೆನ್ಸುಗಳ ಬಗ್ಗೆ. ಇದು ಯಾಕೆ ಅಂತ ಕೊನೆಗೆ ಗೊತ್ತಾಗುತ್ತದೆ. ತಂತ್ರಜ್ಞಾನದ ಚರಿತ್ರೆಯಲ್ಲಿ ಹೊಸದನ್ನು ಕಂಡುಹಿಡಿದವರ ಕಥೆ ಎಷ್ಟೋ ಬರೆದಾಗಿದೆ. ಹಳೆಯದನ್ನು ಹೊಸದಕ್ಕೆ ಕೂಡಿಸಿದವರ ಕಥೆ ಕಡಿಮೆ. ನನ್ನ ಪ್ರಶ್ನೆ ಇಷ್ಟೇ: ಒಂದು ಹಳೆಯ ಲೆನ್ಸು ಹೊಸ ಕ್ಯಾಮೆರಾದಲ್ಲಿ ಸರಿಯಾಗಿ ಚಿತ್ರ ಕೊಡದಿದ್ದರೆ ಆ ತಪ್ಪು ಯಾರದು? ಲೆನ್ಸಿನದ್ದೋ, ಕ್ಯಾಮೆರಾದ್ದೋ, ಅಥವಾ ಇವೆರಡರ ನಡುವೆ ಎಂದೋ ಆಗಿದ್ದ, ನಾವು ಮರೆತುಬಿಟ್ಟ ಒಂದು ಒಪ್ಪಂದದ್ದೋ?

1. ರೇಂಜ್‌ಫೈಂಡರ್ ಅಂದರೇನು

ಮೊದಲು ಯಂತ್ರದ ವಿಷಯ. ನಮಗೆ ಹೆಚ್ಚು ಪರಿಚಯ ಇರುವ ಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ನಾವು ನೋಡುವುದು ಲೆನ್ಸಿನ ಮೂಲಕ. ಫೋಕಸ್ ತಪ್ಪಿದರೆ ಕಣ್ಣಿಗೇ ಕಾಣುತ್ತದೆ. ರೇಂಜ್‌ಫೈಂಡರ್ ಕ್ಯಾಮೆರಾದಲ್ಲಿ ಹಾಗಲ್ಲ. ನೋಡುವ ಕಿಟಕಿ ಬೇರೆ, ಲೆನ್ಸು ಬೇರೆ. ಕಿಟಕಿಯ ನಡುವೆ ಒಂದು ಸಣ್ಣ ಚೌಕದಲ್ಲಿ ಎರಡು ಬಿಂಬ ಕಾಣುತ್ತವೆ. ಲೆನ್ಸನ್ನು ತಿರುಗಿಸುತ್ತಾ ಹೋದರೆ ಅವೆರಡೂ ಒಂದರ ಮೇಲೊಂದು ಬಂದು ಕೂರುತ್ತವೆ. ಆಗ ದೂರ ಸರಿಯಾಯಿತು ಅಂತ ಲೆಕ್ಕ.

ಇಲ್ಲಿ ಒಂದು ಸೂಕ್ಷ್ಮ ಉಂಟು. ಕ್ಯಾಮೆರಾಕ್ಕೆ ಲೆನ್ಸಿನ ಒಳಗಿನ ಗಾಜು ಏನು ಮಾಡುತ್ತಿದೆ ಅಂತ ಗೊತ್ತಿಲ್ಲ. ಅದಕ್ಕೆ ಗೊತ್ತಾಗುವುದು ಲೆನ್ಸಿನ ಹಿಂಬದಿಯ ಲೋಹದ ಅಂಚು ಎಷ್ಟು ಮುಂದೆ ಹೋಯಿತು, ಎಷ್ಟು ಹಿಂದೆ ಬಂತು ಅನ್ನುವುದು ಮಾತ್ರ. ಬಾಡಿಯೊಳಗಿನ ಒಂದು ಪುಟ್ಟ ಉರುಳೆ ಆ ಅಂಚನ್ನು ಮುಟ್ಟಿಕೊಂಡು ಕೂತಿರುತ್ತದೆ. ಅಂಚಿನ ಇಂತಿಷ್ಟು ಚಲನೆಗೆ ಇಂತಿಷ್ಟು ದೂರ ಅಂತ ಮೊದಲೇ ಗೊತ್ತು ಮಾಡಿಟ್ಟಿರುತ್ತಾರೆ. ಅಂದರೆ ಫೋಕಸ್ ಅನ್ನುವುದು ಇಲ್ಲಿ ಒಂದು ನಂಬಿಕೆಯ ವ್ಯವಹಾರ. ಲೆನ್ಸು ಮಾಡಿದವನೂ ಬಾಡಿ ಮಾಡಿದವನೂ ಒಂದೇ ಅಳತೆ ಇಟ್ಟುಕೊಂಡಿದ್ದರೆ ಸರಿ. ಇಲ್ಲದಿದ್ದರೆ ಕಿಟಕಿಯಲ್ಲಿ ಬಿಂಬ ಕೂಡಿದರೂ ಚಿತ್ರ ಮಸುಕು.

2. ಎರಡು ಅಳತೆಗಳು

ಜರ್ಮನಿಯ ವೆಟ್ಜ್‌ಲಾರ್‌ನಲ್ಲಿ ಸೂಕ್ಷ್ಮದರ್ಶಕ ತಯಾರಿಸುತ್ತಿದ್ದ ಲೈಟ್ಸ್ ಕಂಪೆನಿ 1925ರಲ್ಲಿ ಲೈಪ್‌ಜಿಗ್ ಮೇಳದಲ್ಲಿ ಲೈಕಾ ಕ್ಯಾಮೆರಾವನ್ನು ಜನರ ಮುಂದಿಟ್ಟಿತು. ವಿನ್ಯಾಸ ಓಸ್ಕರ್ ಬಾರ್ನಾಕ್ ಅವರದು, ಲೆನ್ಸಿನ ಲೆಕ್ಕ ಮ್ಯಾಕ್ಸ್ ಬೆರೆಕ್ ಅವರದು. 1930ರ ಹೊತ್ತಿಗೆ ಲೆನ್ಸು ಬಿಚ್ಚಿ ಬದಲಾಯಿಸಬಹುದಾದ ಮಾದರಿ ಬಂತು. 39 ಮಿ.ಮೀ. ಅಗಲದ ತಿರುಪು, ಅಂಗುಲಕ್ಕೆ 26 ಎಳೆ. ಮೊದಮೊದಲು ಪ್ರತಿಯೊಂದು ಲೆನ್ಸನ್ನೂ ಆಯಾ ಬಾಡಿಗೇ ಹೊಂದಿಸಿ ಕೊಡುತ್ತಿದ್ದರು. ಅನಂತರವೇ ಯಾವ ಲೆನ್ಸು ಯಾವ ಬಾಡಿಗೂ ಆಗುವಂತೆ ಅಳತೆ ನಿಗದಿಯಾಯಿತು: ತಿರುಪಿನ ಮುಖದಿಂದ ಫಿಲ್ಮಿಗೆ 28.8 ಮಿ.ಮೀ. 1932ರಲ್ಲಿ ಲೈಕಾದಲ್ಲಿ ರೇಂಜ್‌ಫೈಂಡರ್ ಲೆನ್ಸಿಗೆ ಜೋಡಣೆಯಾಯಿತು. ಅದೇ ವರ್ಷ ಡ್ರೆಸ್ಡೆನ್‌ನ ಝೈಸ್ ಇಕಾನ್ ಕಂಪೆನಿ ಕಾಂಟಾಕ್ಸ್ ಕ್ಯಾಮೆರಾ ತಂದಿತು. ಅದಕ್ಕಾಗಿ ಲುಡ್‌ವಿಗ್ ಬರ್ಟೆಲೆ ರೂಪಿಸಿದ ಸೋನಾರ್ ಲೆನ್ಸು ಆ ಕಾಲಕ್ಕೆ ಬಹಳ ಬೆಳಕು ಹಿಡಿಯುವ ಲೆನ್ಸು.

ಎರಡೂ ಕಂಪೆನಿಗಳು ತಮ್ಮ ಸಾಮಾನ್ಯ ಲೆನ್ಸಿನ ಮೇಲೆ 50 ಮಿ.ಮೀ. ಅಂತಲೇ ಕೆತ್ತಿದವು. ಆದರೆ ನಿಜವಾದ ಸಂಗಮದೂರ, ಅಂದರೆ ಫೋಕಲ್ ಲೆಂಗ್ತ್, 50 ಆಗಿರಲಿಲ್ಲ. ಲೈಕಾದ ರೇಂಜ್‌ಫೈಂಡರ್ ಲೆಕ್ಕ ಹಾಕಿದ್ದು 51.6 ಮಿ.ಮೀ.ಗೆ. ಸೋನಾರ್‌ನದ್ದು ಸುಮಾರು 52.4. ವ್ಯತ್ಯಾಸ ಒಂದು ಮಿಲಿಮೀಟರೂ ಇಲ್ಲ. ಆವಾಗ ಅದರಿಂದ ಯಾರಿಗೂ ತೊಂದರೆ ಆಗಲಿಲ್ಲ. ಲೈಕಾದ್ದು ತಿರುಪು, ಕಾಂಟಾಕ್ಸ್‌ನದ್ದು ಬಯೊನೆಟ್. ಒಂದರ ಲೆನ್ಸು ಇನ್ನೊಂದಕ್ಕೆ ಕೂರುವ ಪ್ರಶ್ನೆಯೇ ಇರಲಿಲ್ಲ.

3. ಗಡಿ ಸರಿದಾಗ ಅಳತೆಯೂ ಸರಿಯಿತು

ಪ್ರಶ್ನೆ ಹುಟ್ಟಿದ್ದು ಯುದ್ಧ ಮುಗಿದ ಮೇಲೆ. ಝೈಸ್‌ನ ಮೂಲ ಊರು ಯೇನಾ. 1945ರ ಏಪ್ರಿಲ್‌ನಲ್ಲಿ ಅಲ್ಲಿಗೆ ಮೊದಲು ಬಂದವರು ಅಮೆರಿಕನ್ನರು. ಒಪ್ಪಂದದ ಪ್ರಕಾರ ಆ ಪ್ರದೇಶ ಸೋವಿಯತ್ ವಲಯಕ್ಕೆ ಸೇರಬೇಕಿತ್ತು. ಹಿಂದೆ ಸರಿಯುವ ಮೊದಲು ಅವರು ಕಂಪೆನಿಯ ಮುಖ್ಯ ತಜ್ಞರನ್ನು ಪಶ್ಚಿಮಕ್ಕೆ ಕರೆದುಕೊಂಡು ಹೋದರು. ಅವರಿಂದ ಓಬರ್‌ಕೋಖೆನ್‌ನಲ್ಲಿ ಇನ್ನೊಂದು ಝೈಸ್ ಹುಟ್ಟಿತು. ಆಮೇಲೆ ಬಂದ ಸೋವಿಯತ್ತರು ಯುದ್ಧ ಪರಿಹಾರದ ಲೆಕ್ಕದಲ್ಲಿ ಯಂತ್ರ, ಬಿಡಿಭಾಗ, ನಕ್ಷೆಗಳನ್ನು ಒಯ್ದರು. ಕಾಂಟಾಕ್ಸ್ ಕ್ಯಾಮೆರಾ ಕೀವ್ ಊರಿನ ಆರ್ಸೆನಲ್ ಕಾರ್ಖಾನೆಯಲ್ಲಿ ಕೀವ್ ಅನ್ನುವ ಹೆಸರಿನಲ್ಲಿ ಮತ್ತೆ ಹುಟ್ಟಿತು. ಸೋನಾರ್ ಲೆನ್ಸು ಜ್ಯೂಪಿಟರ್ ಆಯಿತು. ಮೊದಮೊದಲು ಜರ್ಮನ್ ಗಾಜಿನಲ್ಲೇ ಮಾಡಿದರು, ಆಮೇಲೆ ಸೋವಿಯತ್ ಗಾಜಿಗೆ ತಕ್ಕಂತೆ ಲೆಕ್ಕ ತಿದ್ದಿದರು.

ಎರಡು ಜರ್ಮನಿಗಳ ನಡುವೆ ಝೈಸ್ ಅನ್ನುವ ಹೆಸರು ಯಾರದು ಅಂತ ವರ್ಷಗಟ್ಟಲೆ ಕೋರ್ಟು ಕಚೇರಿ ನಡೆದು, 1971ರಲ್ಲಿ ಲಂಡನ್‌ನಲ್ಲಿ ರಾಜಿಯಾಯಿತು. ಜನ ಅಲ್ಲೇ ಇದ್ದು ಗಡಿ ಮಾತ್ರ ಸರಿಯುವುದು ಅಂದರೆ ಏನು ಅಂತ 1956ರ ನವೆಂಬರ್ 1ನ್ನು ಕಂಡ ನಮ್ಮ ತಾಲೂಕಿನವರಿಗೆ ವಿವರಿಸಬೇಕಾಗಿಲ್ಲ. ಹೋಲಿಕೆಯನ್ನು ಇದಕ್ಕಿಂತ ಮುಂದೆ ನಾನು ಎಳೆಯುವುದಿಲ್ಲ.

ಮುಖ್ಯ ಘಟನೆ ಇದು: ಸೋವಿಯತ್ತರ ಬಳಿ ಆಗಲೇ ಇನ್ನೊಂದು ಪರಂಪರೆ ಇತ್ತು. ಖಾರ್ಕಿವ್‌ನಲ್ಲಿ 1934ರಿಂದ ತಯಾರಾದ ಫೆಡ್ ಕ್ಯಾಮೆರಾ ಲೈಕಾದ ನಕಲು. 1948ರಿಂದ ಕ್ರಾಸ್ನೊಗೋರ್ಸ್ಕ್‌ನ ಝೋರ್ಕಿ ಅದರ ತಮ್ಮ. ಎರಡಕ್ಕೂ ಲೈಕಾ ತರಹದ 39 ಮಿ.ಮೀ. ತಿರುಪು. ಈ ತಿರುಪಿನ ಮೈಯೊಳಗೆ ಕಾಂಟಾಕ್ಸ್ ವಂಶದ ಜ್ಯೂಪಿಟರ್ ಗಾಜನ್ನು ಕೂರಿಸಿದರು. ಹೊರಗಿನಿಂದ ನೋಡಿದರೆ ಲೈಕಾ ಲೆನ್ಸು, ಒಳಗಿನ ಸಂಗಮದೂರ ಝೈಸ್‌ನದ್ದು. ಸೋವಿಯತ್ ಬಾಡಿಯಲ್ಲಿ ಹೊಂದಿಸಿಕೊಂಡು ಬಳಸುವವರೆಗೆ ತೊಂದರೆ ಇಲ್ಲ. ಲೈಕಾ ಬಾಡಿಗೆ ಹಾಕಿದರೆ ತಿರುಪು ಚಂದವಾಗಿ ಕೂರುತ್ತದೆ, ಆದರೆ ಅಳತೆ ಕೂಡುವುದಿಲ್ಲ.

ಜಪಾನಿನಲ್ಲಿ ಇದರ ಪ್ರತಿಬಿಂಬ ಕಾಣುತ್ತದೆ. 1948ರಲ್ಲಿ ಬಂದ ನಿಕಾನ್ ಕ್ಯಾಮೆರಾ ಕಾಂಟಾಕ್ಸ್ ತರಹದ ಬಯೊನೆಟ್ ತೆಗೆದುಕೊಂಡಿತು, ಲೆಕ್ಕಕ್ಕೆ ಮಾತ್ರ ಲೈಕಾದ 51.6ನ್ನು ಇಟ್ಟುಕೊಂಡಿತು. ಹೀಗಾಗಿ ಕಾಂಟಾಕ್ಸ್‌ನ ವೈಡ್ ಲೆನ್ಸು ನಿಕಾನ್‌ಗೆ ನಡೆಯುತ್ತದೆ, ಟೆಲಿ ಲೆನ್ಸು ಹತ್ತಿರದಲ್ಲಿ ಕೈಕೊಡುತ್ತದೆ. ಬಾಯಿ ಒಂದೇ, ಭಾಷೆ ಬೇರೆ.

4. 1954ರ ಒಂದು ಮಿಲಿಮೀಟರ್

ಹಳೆಯದನ್ನು ಹೊಸದಕ್ಕೆ ಹೊಂದಿಸುವ ಕೆಲಸ ಹವ್ಯಾಸಿಗಳು ಮಾಡಿದ್ದು ಅಂತ ನಾವು ಅಂದುಕೊಳ್ಳುತ್ತೇವೆ. ಕಂಪೆನಿಯೇ ಮುಂದಾಲೋಚನೆಯಿಂದ ಮಾಡಿದ್ದಕ್ಕೆ ಒಳ್ಳೆಯ ಉದಾಹರಣೆ 1954ರ ಲೈಕಾ ಎಂ3. ಅದರಲ್ಲಿ ತಿರುಪು ಹೋಗಿ ಬಯೊನೆಟ್ ಬಂತು. ಲೆನ್ಸಿನ ಮುಖದಿಂದ ಫಿಲ್ಮಿನ ದೂರ 27.8 ಮಿ.ಮೀ. ಆಯಿತು. ಹಿಂದಿನದಕ್ಕಿಂತ ಸರಿಯಾಗಿ 1 ಮಿ.ಮೀ. ಕಡಿಮೆ. ಆ 1 ಮಿ.ಮೀ. ಜಾಗದಲ್ಲಿ 1 ಮಿ.ಮೀ. ದಪ್ಪದ ಒಂದು ಬಳೆ ಕೂರುತ್ತದೆ. ಬಳೆಯ ಒಳಗೆ ಹಳೆಯ ತಿರುಪು, ಹೊರಗೆ ಹೊಸ ಬಯೊನೆಟ್. 1930ರ ದಶಕದ ಲೆನ್ಸು ಎಂ3ಗೆ ಹಾಗೇ ಕೂತಿತು, ರೇಂಜ್‌ಫೈಂಡರ್ ಜೋಡಣೆ ಸಹಿತ. ಲೆನ್ಸಿಗೆ ತಕ್ಕ ಚೌಕಟ್ಟಿನ ಗೆರೆ ಕಿಟಕಿಯಲ್ಲಿ ಮೂಡುವಂತೆ ಬೇರೆ ಬೇರೆ ಬಳೆಗಳನ್ನೂ ಕೊಟ್ಟರು.

ಐವತ್ತು ವರ್ಷದ ನಂತರ ಹಳೆಯ ಲೆನ್ಸುಗಳು ಡಿಜಿಟಲ್‌ಗೆ ದಾಟಿ ಬರಲು ಸಾಧ್ಯವಾದದ್ದು ಈ ಒಂದು ಮಿಲಿಮೀಟರಿನಿಂದ. ಕಾಂಟಾಕ್ಸ್ ಲೆನ್ಸುಗಳಿಗೆ ಈ ಭಾಗ್ಯ ಇರಲಿಲ್ಲ. ಅದರ 50 ಮಿ.ಮೀ. ಲೆನ್ಸುಗಳಲ್ಲಿ ಫೋಕಸ್ ಮಾಡುವ ಸುರುಳಿ ತಿರುಪೇ ಇಲ್ಲ, ಅದು ಬಾಡಿಯಲ್ಲಿತ್ತು. 1960ರ ದಶಕದ ಆರಂಭದಲ್ಲಿ ಆ ಬಾಡಿಗಳ ತಯಾರಿ ನಿಂತಾಗ ಲೆನ್ಸುಗಳು ಅನಾಥವಾದವು. ಅವನ್ನು ಇವತ್ತು ಬಳಸಬೇಕಾದರೆ ಅಡಾಪ್ಟರಿನೊಳಗೇ ಒಂದು ಸುರುಳಿ ತಿರುಪನ್ನು ಇಡಬೇಕು. ಅದು ಬಳೆಯಲ್ಲ, ಅರ್ಧ ಕ್ಯಾಮೆರಾ.

5. ಸೆನ್ಸರ್ ಬಂದ ಮೇಲೆ

ಮೊದಲ ಡಿಜಿಟಲ್ ರೇಂಜ್‌ಫೈಂಡರ್ 2004ರ ಎಪ್ಸನ್ ಆರ್‌-ಡಿ1. ಜಪಾನಿನ ಕೊಸಿನಾ ಕಂಪೆನಿಯ ಬೆಸ್ಸಾ ಬಾಡಿಯ ಆಧಾರ, 6.1 ಮೆಗಾಪಿಕ್ಸೆಲ್, ಲೈಕಾ ಎಂ ಬಯೊನೆಟ್. ಫಿಲ್ಮ್ ಇಲ್ಲದಿದ್ದರೂ ಪ್ರತಿ ಚಿತ್ರಕ್ಕೂ ಮೊದಲು ಹೆಬ್ಬೆರಳಿನಿಂದ ಲಿವರ್ ಎಳೆಯಬೇಕಿತ್ತು. 2006ರಲ್ಲಿ ಲೈಕಾ ಎಂ8, 2009ರಲ್ಲಿ ಪೂರ್ಣ ಅಳತೆಯ ಸೆನ್ಸರಿನ ಎಂ9 ಬಂದವು.

ಫಿಲ್ಮಿಗೆ ಬೆಳಕು ಯಾವ ಓರೆಯಲ್ಲಿ ಬಂದು ಬಿದ್ದರೂ ಹೆಚ್ಚಿನ ವ್ಯತ್ಯಾಸ ಇಲ್ಲ. ಸೆನ್ಸರ್ ಹಾಗಲ್ಲ. ಅದರ ಮೇಲೊಂದು ಗಾಜಿನ ಪದರ ಉಂಟು, ಪ್ರತಿ ಪಿಕ್ಸೆಲ್ಲಿಗೂ ಪುಟ್ಟ ಲೆನ್ಸ್ ಉಂಟು. ರೇಂಜ್‌ಫೈಂಡರಿನಲ್ಲಿ ಕನ್ನಡಿ ಇಲ್ಲದ ಕಾರಣ ಹಳೆಯ ವೈಡ್ ಲೆನ್ಸುಗಳ ಹಿಂದಿನ ಗಾಜು ಫಿಲ್ಮಿನ ತೀರ ಹತ್ತಿರಕ್ಕೆ ಬರುತ್ತಿತ್ತು. ಬಿಯೊಗಾನ್, ಹಳೆಯ ಸೂಪರ್ ಆಂಗುಲಾನ್, ಜ್ಯೂಪಿಟರ್-12 ಎಲ್ಲ ಆ ಜಾತಿ. ಅವುಗಳ ಬೆಳಕು ಸೆನ್ಸರಿನ ಅಂಚಿಗೆ ಬಹಳ ಓರೆಯಾಗಿ ಬೀಳುತ್ತದೆ. ಅದರಿಂದ ಮೂಲೆ ಕಪ್ಪಾಗುತ್ತದೆ, ಒಂದು ಬದಿ ಕೆಂಪು, ಇನ್ನೊಂದು ಬದಿ ಹಸಿರು ಬಣ್ಣ ತಿರುಗುತ್ತದೆ.

ಇದನ್ನು ತಪ್ಪಿಸಲು ಎಂ8ರಲ್ಲಿ ಗಾಜಿನ ಪದರವನ್ನು 0.5 ಮಿ.ಮೀ.ಗೆ ಇಳಿಸಿದರು, ಅಂಚಿನ ಪುಟ್ಟ ಲೆನ್ಸುಗಳನ್ನು ಸ್ವಲ್ಪ ಒಳಕ್ಕೆ ಸರಿಸಿದರು. ಆಗ ಇನ್ನೊಂದು ಕಡೆ ತೂತು ಬಿತ್ತು. ತೆಳು ಗಾಜು ಅವಕೆಂಪು ಕಿರಣವನ್ನು ಪೂರ್ತಿ ತಡೆಯಲಿಲ್ಲ. ಕಪ್ಪು ಕೃತಕ ಬಟ್ಟೆ ಚಿತ್ರದಲ್ಲಿ ನೇರಳೆ ಬಣ್ಣಕ್ಕೆ ತಿರುಗಿತು. ಕೊಂಡವರಿಗೆ ಕಂಪೆನಿ ಲೆನ್ಸಿನ ಮುಂದೆ ಹಾಕುವ ಎರಡು ಫಿಲ್ಟರ್‌ಗಳನ್ನು ಪುಕ್ಕಟೆ ಕೊಡಬೇಕಾಯಿತು. ಎಂ9ರಲ್ಲಿ ಪದರವನ್ನು 0.8 ಮಿ.ಮೀ.ಗೆ ಏರಿಸಿದರು. ಹಳೆಯ ಲೆನ್ಸನ್ನು ಉಳಿಸಿಕೊಳ್ಳಬೇಕೆಂಬ ಹಟ ಹೊಸ ಸೆನ್ಸರಿನ ರೂಪವನ್ನೇ ನಿರ್ಧರಿಸಿತು. ಹೊಂದಿಕೊಳ್ಳುವುದು ಎರಡೂ ಕಡೆಯಿಂದ ನಡೆಯಿತು ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಇನ್ನೊಂದು ಉಪಾಯ ಸಂಕೇತದ್ದು. ಲೆನ್ಸಿನ ಬಯೊನೆಟ್ ಮೇಲೆ ಕಪ್ಪು ಬಿಳಿ ಬಣ್ಣದ ಆರು ಚುಕ್ಕೆ. ಕ್ಯಾಮೆರಾ ಅದನ್ನು ಓದಿ, ಯಾವ ಲೆನ್ಸು ಅಂತ ತಿಳಿದು, ಮೂಲೆಯ ಬಣ್ಣ ತಿದ್ದುತ್ತದೆ. ಆರು ಚುಕ್ಕೆಗೆ 64 ಸಂಯೋಜನೆ. ಹಳೆಯ ಲೆನ್ಸುಗಳಿಗೂ ಕಂಪೆನಿ ಚುಕ್ಕೆ ಹಾಕಿಕೊಡುತ್ತಿತ್ತು. ದುಡ್ಡಿಲ್ಲದವರು ಮಾರ್ಕರ್ ಪೆನ್ನಿನಲ್ಲಿ ತಾವೇ ಹಾಕಿಕೊಂಡರು. ಎಂ9 ಬಂದ ಮೇಲೆ ಪಟ್ಟಿಯಿಂದಲೇ ಲೆನ್ಸನ್ನು ಆರಿಸಬಹುದಾಯಿತು.

ಎಲ್ಲ ಲೆನ್ಸೂ ದಾಟಲಿಲ್ಲ. 15 ಮಿ.ಮೀ. ಹೊಲೊಗಾನ್ ಲೆನ್ಸನ್ನು ಬಳಸಬಾರದು ಅಂತ ಲೈಕಾದ ಕೈಪಿಡಿಯೇ ಹೇಳಿತು. ಒಳಕ್ಕೆ ಮಡಚುವ ಲೆನ್ಸುಗಳನ್ನು ಹೊರಕ್ಕೆ ಎಳೆದೇ ಬಳಸಬೇಕು ಅಂತಲೂ ಎಚ್ಚರಿಸಿತು.

6. ಮಾವನ ಲೆನ್ಸು

ಈಗ ನನ್ನ ಆಕರಕ್ಕೆ ಬರುತ್ತೇನೆ. ನನ್ನ ಸೋದರಮಾವನಿಗೆ ಕಾಸರಗೋಡಿನ ಹತ್ತಿರ ಒಂದು ಸಣ್ಣ ಪೇಟೆಯಲ್ಲಿ ಸ್ಟುಡಿಯೋ ಇತ್ತು. ಅವರಲ್ಲಿ ಒಂದು ಸೋವಿಯತ್ ತಯಾರಿಕೆಯ 50 ಮಿ.ಮೀ. ಲೆನ್ಸು. ಅದರ ಜೊತೆಗೆ ಬಂದ ಬಾಡಿ ಕೆಟ್ಟ ಮೇಲೆ, ಕೈಯಿಂದ ಕೈಗೆ ಬಂದ ಒಂದು ಹಳೆಯ ಜರ್ಮನ್ ಬಾಡಿಗೆ ಅದನ್ನು ಹಾಕಿದರು. ತಿರುಪು ಕೂತಿತು. ಹೊರಾಂಗಣದ ಗುಂಪು ಫೋಟೊ ಎಲ್ಲ ಚೊಕ್ಕ. ಮದುಮಗಳ ಮುಖವನ್ನು ಹತ್ತಿರದಿಂದ, ಕಡಿಮೆ ಬೆಳಕಿನಲ್ಲಿ ತೆಗೆದರೆ ಮಾತ್ರ ಕಣ್ಣು ಮಸುಕು, ಕಿವಿಯ ಮುಂದಿನ ಕೂದಲೆಳೆ ಸ್ಪಷ್ಟ. ಗಿರಾಕಿಗಳಿಂದ ಮಾತು ಕೇಳಬೇಕಾಯಿತು. ಕೊನೆಗೆ ಮಾವ ಹತ್ತಿರದ ಫೋಟೊ ತೆಗೆಯುವುದನ್ನೇ ಬಿಟ್ಟರು, ಲೆನ್ಸು ಕಪಾಟು ಸೇರಿತು. ನಮ್ಮ ಮನೆಯಲ್ಲಿ ಅದಕ್ಕೆ 'ಹಾಳು ಲೆನ್ಸು' ಅಂತಲೇ ಹೆಸರು.

ಕಳೆದ ವರ್ಷ ಗೆಳೆಯನೊಬ್ಬನ ಡಿಜಿಟಲ್ ರೇಂಜ್‌ಫೈಂಡರ್ ಒಂದು ವಾರಕ್ಕೆ ಸಿಕ್ಕಿತು. ಲೈವ್ ವ್ಯೂ ಇರುವ ಮಾದರಿ. 2012ರಲ್ಲಿ ಪ್ರಕಟವಾದ ಲೈಕಾ ಎಂ ಟೈಪ್ 240ರಿಂದ ಈಚೆಗೆ ಈ ಸೌಲಭ್ಯ ಬಂದಿದೆ. ಸೆನ್ಸರ್ ಕಾಣುವುದನ್ನೇ ಪರದೆಯ ಮೇಲೆ ನೋಡಬಹುದು. ಅಂದರೆ ರೇಂಜ್‌ಫೈಂಡರ್ ಹೇಳುವುದನ್ನೂ ಲೆನ್ಸು ಮಾಡುವುದನ್ನೂ ಪಕ್ಕಪಕ್ಕದಲ್ಲಿಟ್ಟು ತಾಳೆ ನೋಡಬಹುದು. ಒಂದು ಮೀಟರ್ ದೂರದಲ್ಲಿ ಅಳತೆಪಟ್ಟಿಯನ್ನು ಓರೆಯಾಗಿಟ್ಟು, ಕಿಟಕಿಯಲ್ಲಿ ಬಿಂಬ ಕೂಡಿಸಿ, ಎಫ್/2ರಲ್ಲಿ ತೆಗೆದೆ. ಸ್ಪಷ್ಟವಾಗಿದ್ದ ಗೆರೆ ಸುಮಾರು 3 ಸೆಂ.ಮೀ. ಹಿಂದೆ ಇತ್ತು.

ಲೆಕ್ಕ ಹಾಕಿ ನೋಡಿದೆ. ಒಂದು ಮೀಟರಿಗೆ 51.6 ಮಿ.ಮೀ. ಲೆನ್ಸು 2.81 ಮಿ.ಮೀ. ಮುಂದೆ ಹೋಗಬೇಕು, 52.4 ಮಿ.ಮೀ. ಲೆನ್ಸು 2.90. ವ್ಯತ್ಯಾಸ 0.09 ಮಿ.ಮೀ., ಹೆಚ್ಚುಕಡಿಮೆ ನಾವು ಪ್ರಿಂಟ್ ತೆಗೆಯುವ ಒಂದು ಹಾಳೆಯಷ್ಟು ದಪ್ಪ. ಅಷ್ಟು ಮುಂದೆ ಹೋಗದೆ ಉಳಿದರೆ ಫೋಕಸ್ ಬೀಳುವುದು 103 ಸೆಂ.ಮೀ.ನಲ್ಲಿ. ಅಳೆದದ್ದೂ ಲೆಕ್ಕವೂ ಕೂಡಿದವು. ಎಫ್/2ರಲ್ಲಿ ಒಂದು ಮೀಟರಿನ ಹತ್ತಿರ ಸ್ಪಷ್ಟತೆಯ ಆಳ ಹಿಂದೆ ಮುಂದೆ ಸುಮಾರು 2 ಸೆಂ.ಮೀ. ಮಾತ್ರ, ಹಾಗಾಗಿ ತಪ್ಪು ಕಾಣುತ್ತದೆ. ಎಫ್/8ರಲ್ಲಿ ಅದು ನಾಲ್ಕು ಪಟ್ಟು, ಹಾಗಾಗಿ ತಪ್ಪು ಮುಚ್ಚಿಹೋಗುತ್ತದೆ. ಹೊರಾಂಗಣದಲ್ಲಿ ಚೊಕ್ಕ ಬರುತ್ತಿದ್ದದ್ದು ಇದಕ್ಕೇ. ಲೈವ್ ವ್ಯೂನಲ್ಲಿ ನೇರ ಫೋಕಸ್ ಮಾಡಿದರೆ ಅದೇ ಲೆನ್ಸಿನಲ್ಲಿ ರೆಪ್ಪೆಯ ಕೂದಲು ಒಂದೊಂದೂ ಎಣಿಸಬಹುದು. ಲೆನ್ಸು ಹಾಳಾಗಿರಲಿಲ್ಲ.

ಮಾವನಿಗೆ ಪರದೆಯಲ್ಲಿ ತೋರಿಸಿದೆ. ಸುಮಾರು ಹೊತ್ತು ನೋಡಿದರು. "ಹಾಗಾದ್ರೆ ಅದು ನನ್ನ ಕಣ್ಣಿನ ತಪ್ಪಲ್ಲ" ಅಂದರು. ತನ್ನ ದೃಷ್ಟಿ ಹೋಗುತ್ತಾ ಉಂಟು ಅಂತ ಹೆದರಿ ಅವರು ಆ ಕಾಲದಲ್ಲಿ ಮಂಗಳೂರಿಗೆ ಹೋಗಿ ಎರಡು ಸಲ ಕನ್ನಡಕ ಬದಲಾಯಿಸಿದ್ದರಂತೆ. ಅದು ನಮಗೆ ಯಾರಿಗೂ ಗೊತ್ತಿರಲಿಲ್ಲ.

7. ತಿದ್ದುವುದೋ, ಬಿಡುವುದೋ

ಈ ದೋಷಕ್ಕೆ ಮದ್ದು ಸುಲಭ. ಗಾಜಿನ ಭಾಗಕ್ಕೂ ಹೊರಮೈಗೂ ನಡುವೆ ಶಿಮ್ ಅಂತ ಕರೆಯುವ ತೆಳು ಬಳೆ ಇರುತ್ತದೆ. ಇನ್ನೊಂದು 0.1 ಮಿ.ಮೀ. ಬಳೆ ಸೇರಿಸಿದರೆ ಗಾಜು ಅಷ್ಟು ಮುಂದೆ ಬಂದು ಒಂದು ಮೀಟರ್ ಸರಿಯಾಗುತ್ತದೆ. ತಂಪು ಪಾನೀಯದ ಡಬ್ಬಿಯ ತಗಡು ಹೆಚ್ಚುಕಡಿಮೆ ಅದೇ ದಪ್ಪ. ಆದರೆ ಆಗ ದೂರದ ಗುಡ್ಡ ಎಫ್/2ರಲ್ಲಿ ಮಸುಕಾಗುತ್ತದೆ. ಎರಡೂ ಕಡೆ ಪೂರ್ತಿ ಸರಿಯಾಗುವ ದಾರಿ ಇಲ್ಲ, ಯಾಕಂದರೆ ತಪ್ಪು ದಪ್ಪದಲ್ಲಿಲ್ಲ, ಅನುಪಾತದಲ್ಲಿದೆ. ಯಾವ ಚಿತ್ರ ನಮಗೆ ಬೇಕು ಅಂತ ನಾವೇ ಆರಿಸಬೇಕು. ಮಾವ ಮುಖವನ್ನು ಆರಿಸಿದರು. ಬಳೆ ಸೇರಿಸಿದೆವು. ಎಷ್ಟು ದಪ್ಪ, ಯಾವ ದಿನ, ಯಾವ ಬಾಡಿಗಾಗಿ ಅಂತ ಒಂದು ಚೀಟಿ ಬರೆದು ಲೆನ್ಸಿನ ಡಬ್ಬಿಯಲ್ಲಿಟ್ಟೆವು. ಬೇಕಾದವರು ನಾಳೆ ತೆಗೆಯಬಹುದು.

ಚರಿತ್ರೆಯ ವಿದ್ಯಾರ್ಥಿಯಾಗಿ ನನ್ನ ತೀರ್ಮಾನ ಚಿಕ್ಕದು. ಅಡಾಪ್ಟರ್ ಅನ್ನುವುದು ಬರೀ ಲೋಹದ ಬಳೆ ಅಲ್ಲ. ಅದು ಎರಡು ಅಳತೆಗಳ ನಡುವಿನ ಅನುವಾದ. ಬಾಯಿ ಕೂಡಿದ ಮಾತ್ರಕ್ಕೆ ಅರ್ಥ ಕೂಡಿತು ಅಂತ ನಂಬಿದರೆ, ತಪ್ಪನ್ನು ಕೊನೆಗೆ ಬಳಸುವವನ ಕಣ್ಣಿನ ಮೇಲೆ ಹಾಕುತ್ತೇವೆ.

ಸಂವಾದದಿಂದ

ಪ್ರಶ್ನೆ: ಫಿಲ್ಮಿನ ಕಾಲದಲ್ಲಿ ಇದು ಯಾಕೆ ಅಷ್ಟು ಚರ್ಚೆ ಆಗಲಿಲ್ಲ?

ಉತ್ತರ: ಸಣ್ಣ ಪ್ರಿಂಟಿನಲ್ಲಿ ಇದು ಅಷ್ಟಾಗಿ ಕಾಣುವುದಿಲ್ಲ. 0.03 ಮಿ.ಮೀ. ಮಸುಕನ್ನು ಹಿಂದಿನವರು ಸ್ಪಷ್ಟ ಅಂತಲೇ ಒಪ್ಪಿದ್ದರು. ಎಂ9ರ ಒಂದು ಪಿಕ್ಸೆಲ್ 0.0068 ಮಿ.ಮೀ. ಅಂದರೆ ಹಿಂದಿನವರು ಒಪ್ಪಿದ ಮಸುಕು ಇಲ್ಲಿ ನಾಲ್ಕು ಪಿಕ್ಸೆಲ್‌ಗಿಂತ ಅಗಲ. ಪರದೆಯಲ್ಲಿ ಹಿಗ್ಗಿಸಿ ನೋಡುವವರಿಗೆ ಅದು ದೋಷ.

ಪ್ರಶ್ನೆ: ಒಂದು ಲೆನ್ಸಿನಿಂದ ಇಡೀ ಪರಂಪರೆಯ ಬಗ್ಗೆ ತೀರ್ಪು ಕೊಡಬಹುದಾ?

ಉತ್ತರ: ಇಲ್ಲ ಮಾಷ್ಟ್ರೇ, ಕೊಡಬಾರದು. ಹಳೆಯ ಲೆನ್ಸುಗಳನ್ನು ಎಷ್ಟೋ ಜನ ಬಿಚ್ಚಿ ಕಟ್ಟಿರುತ್ತಾರೆ, ಬಳೆ ಅದಲುಬದಲಾಗಿರುತ್ತದೆ. ತಯಾರಿಕೆಯಲ್ಲೂ ಏರುಪೇರು ಇರುತ್ತದೆ. ಮಾವನ ಲೆನ್ಸು ಲೆಕ್ಕಕ್ಕೆ ಕೂಡಿತು, ಇನ್ನೊಂದು ಕೂಡದಿರಬಹುದು. ಅದಕ್ಕೇ 'ಈ ಜಾತಿಯ ಲೆನ್ಸೇ ಕೆಟ್ಟದ್ದು' ಅನ್ನುವುದೂ ತಪ್ಪು, 'ಎಲ್ಲ ದೋಷಕ್ಕೂ 51.6 ಕಾರಣ' ಅನ್ನುವುದೂ ತಪ್ಪು. ಒಂದೊಂದನ್ನೂ ಅಳೆದೇ ನೋಡಬೇಕು. ಹಸ್ತಪ್ರತಿಯನ್ನು ನಾವು ಹಾಗೇ ಅಲ್ವಾ ಓದುವುದು?